ಸದ್ದು ಮಾಡುವ ಕಂಪ್ರೆಸರ್

“ಇವೆರಡರಲ್ಲಿ ಜಾಸ್ತಿ ಸದ್ದು ಮಾಡೋದು ಯಾವುದು?”

ಅಂಗಡಿಯವನು ತಲೆಯೆತ್ತಿ ನೋಡಿದ. ಏರ್ ಕಂಪ್ರೆಸರ್ ಮಾರಲು ಕೂತಾಗಿನಿಂದ ಗಿರಾಕಿಗಳು ಹಾಡುತ್ತಿದ್ದದ್ದು ಒಂದೇ ರಾಗ. ಮನೆಯಲ್ಲಿ ಇಡುವುದು, ಸದ್ದು ಕಡಿಮೆ ಇರಲಿ, ಇಲ್ಲದಿದ್ದರೆ ಪಕ್ಕದವರು ಜಗಳಕ್ಕೆ ಬರುತ್ತಾರೆ. ಈ ಹೆಂಗಸು ಉಲ್ಟಾ ಕೇಳುತ್ತಿದ್ದಳು.

“ಈ ಸಣ್ಣದು ಅಕ್ಕ. ಎಣ್ಣೆ ಬೇಡ, ಎತ್ತೋಕೆ ಹಗುರ. ಆದ್ರೆ ಕಿರುಚುತ್ತೆ,” ಎಂದು ಸ್ವಿಚ್ ಒತ್ತಿದ.

ಅವಳು ಕಣ್ಣು ಮುಚ್ಚಿ ಕೇಳಿದಳು. ತಲೆಯಾಡಿಸಿದಳು. “ಇದಲ್ಲ. ಇದು ತೆಳು. ದಪ್ಪ ಸದ್ದು ಬೇಕು. ಗೋಡೆ ಅದುರಬೇಕು.”

ಅವನು ಬೆಲ್ಟಿನಿಂದ ಓಡುವ ದೊಡ್ಡದನ್ನು ಹಾಕಿ ತೋರಿಸಿದ. ಅದೂ ಅಲ್ಲ. ಇನ್ನೊಂದು. ಅದೂ ಅಲ್ಲ. ಕಂಪ್ರೆಸರ್ ಕೊಳ್ಳಲು ಬಂದವರು ಟ್ಯಾಂಕು ಎಷ್ಟು ದೊಡ್ಡದು, ಗಾಳಿ ಎಷ್ಟು ಬೇಗ ತುಂಬುತ್ತದೆ ಎಂದು ಪ್ರಾಣ ತಿನ್ನುತ್ತಾರೆ. ಇವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯದೊಂದರ ಕಡೆ ಬೆರಳು ತೋರಿಸಿದಳು.

“ಅದು ಸೆಕೆಂಡ್ ಹ್ಯಾಂಡ್ ಅಕ್ಕ. ಜಾಯಿಂಟಲ್ಲಿ ಗಾಳಿ ಸೋರುತ್ತೆ. ಗಾಳಿ ಇಳಿದಂಗೆಲ್ಲ ಮೋಟಾರು ತಾನೇ ಸ್ಟಾರ್ಟ್ ಆಗುತ್ತೆ. ಯಾರೂ ಮುಟ್ಟದೇ ಇದ್ರೂ ದಿನವಿಡೀ ಧಡಧಡ ಅಂತಿರುತ್ತೆ.”

“ತಾನೇ ಸ್ಟಾರ್ಟ್ ಆಗುತ್ತಾ?” ಅವಳ ಮುಖ ಅರಳಿತು. “ಅದನ್ನೇ ಕೊಡಿ.”

“ವಾಷರ್ ಬದಲಾಯಿಸಿ ಕೊಡ್ತೀನಿ.”

“ಬೇಡ ಅಣ್ಣ. ಹಾಗೇ ಇರಲಿ.”

“ಪೈಪು? ಬಣ್ಣ ಹೊಡೆಯೋ ಗನ್ನು?”

“ಅದೂ ಬೇಡ.”

ಗಾಳಿ ತುಂಬುವ ಯಂತ್ರ ಕೊಂಡು ಗಾಳಿಯೇ ಬೇಡ ಅನ್ನುವವರನ್ನು ಅವನು ಇದೇ ಮೊದಲು ನೋಡಿದ್ದು. “ಅಲ್ಲ ಅಕ್ಕ, ಮನೇಲಿ ಇದನ್ನ ಬಳಸೋರು ಯಾರು?”

“ನಮ್ಮ ಯಜಮಾನರು. ಹಿಂದಿನ ಕೋಣೇಲಿ ಕುರ್ಚಿ, ಮೇಜು ಮಾಡ್ತಾರೆ. ಹಳೇದು ಸುಟ್ಟುಹೋಯ್ತು.”

“ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ. ಬಳಸೋರು ನೋಡಿ ಆರಿಸಿದ್ರೆ ಒಳ್ಳೇದು.”

“ಅವರಿಗೆ ಬರೋಕಾಗಲ್ಲ.” ಮಾತು ಪಟ್ಟನೆ ಬಂತು.

“ಈ ಸದ್ದಿಗೆ ಮನೇಲಿ ಯಾರಿಗೂ ತೊಂದ್ರೆ ಆಗಲ್ವಾ?”

“ಗೋಡೆ ಆಚೆ ಅತ್ತೆ ಇರ್ತಾರೆ. ಹಾಸಿಗೆ ಹಿಡಿದಿದ್ದಾರೆ.” ಅವಳು ಪರ್ಸಿನಿಂದ ದುಡ್ಡು ತೆಗೆದಳು. “ಅವರಿಗೆ ಕೇಳಿಸ್ಬೇಕು.”

ಅಂಗಡಿಯವನು ಬಿಲ್ಲು ಬರೆಯುವುದನ್ನು ನಿಲ್ಲಿಸಿದ. ಅತ್ತೆ ಸೊಸೆ ಜಗಳ ಅವನಿಗೇನೂ ಹೊಸದಲ್ಲ, ಸ್ವಂತ ಮನೆಯಲ್ಲೇ ಬೇಕಾದಷ್ಟಿತ್ತು. ಆದರೆ ಎದ್ದು ಹೋಗಲಾರದ ಮುದುಕಿಯ ತಲೆಯ ಹತ್ತಿರ ಇಂಥದ್ದನ್ನು ತಂದಿಡುವುದೆಂದರೆ? ಅದೂ ತನ್ನ ಅಂಗಡಿಯಿಂದ? ಮಾರುವುದಿಲ್ಲ ಎಂದರೆ ಇನ್ನೊಂದು ಅಂಗಡಿಗೆ ಹೋಗುತ್ತಾಳೆ. ಹಾಗಾಗಿ ಗಾಡಿಯವನ ಜೊತೆ ತಾನೇ ಹೊರಟ. ಆ ಮುದುಕಿಯನ್ನು ಕಣ್ಣಾರೆ ನೋಡದೆ ಅವನಿಗೆ ಸಮಾಧಾನವಿರಲಿಲ್ಲ.

ಹಿಂದಿನ ಕೋಣೆ ಅಚ್ಚುಕಟ್ಟಾಗಿತ್ತು. ತೀರಾ ಅಚ್ಚುಕಟ್ಟು. ನೆಲದ ಮೇಲೆ ಒಂದು ಚೂರು ಮರದ ಪುಡಿಯಿಲ್ಲ. ಬಣ್ಣದ ಡಬ್ಬಿಯೊಂದನ್ನು ಸರಿಸಲು ಹೋದರೆ ಒಳಗೆ ಬಣ್ಣ ಒಣಗಿ ಕಲ್ಲಾಗಿತ್ತು. ಇಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ಇವಳು ಹೇಳಿದ್ದು ಹಸಿ ಸುಳ್ಳು ಎಂದು ಅವನಿಗೆ ಖಾತ್ರಿಯಾಯಿತು.

“ಯಜಮಾನರು ಎಲ್ಲಿ?”

ಅವಳು ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಕಡೆ ಕಣ್ಣು ಮಾಡಿದಳು. “ಮೆಲ್ಲಗೆ ಮಾತಾಡಿ,” ಎಂದು ಪಿಸುಗುಟ್ಟಿದಳು. “ಅದನ್ನ ಗೋಡೆಗೆ ಒತ್ತಿಡಿ. ಇನ್ನೂ ಹತ್ತಿರ.”

ಸ್ವಿಚ್ ಹಾಕಿದ. ಗೋಡೆ ಗಡಗಡ ನಡುಗಿತು. ಅವಳು ಆ ಸದ್ದನ್ನೇ ಕೇಳುತ್ತ ನಿಂತಳು, ಬಹಳ ದಿನದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟವಳ ಹಾಗೆ. “ಇದೇ,” ಎಂದಳು. “ಕೂತಿರಿ, ಕಾಫಿ ತರ್ತೀನಿ.”

ಅವಳು ಅಡುಗೆಮನೆಗೆ ಹೋದದ್ದೇ ತಡ, ಅವನು ಸ್ಪ್ಯಾನರು ಹಿಡಿದುಕೊಂಡು ಪಕ್ಕದ ಕೋಣೆಗೆ ನುಗ್ಗಿದ. ಕೋಪ ನೆತ್ತಿಗೇರಿತ್ತು. ಗೋಡೆಗೆ ತಾಗಿದ ಮಂಚದ ಮೇಲೆ ದಿಂಬಿಗೆ ಒರಗಿ ಅಜ್ಜಿಯೊಬ್ಬರು ಕೂತಿದ್ದರು. ಮೈ ಬಡಕಲು, ಕಣ್ಣು ಮಾತ್ರ ಚುರುಕು.

“ಅಜ್ಜಿ, ನಾನು ಕಂಪ್ರೆಸರ್ ಅಂಗಡಿಯೋನು. ನಿಮ್ಮ ಸೊಸೆ ಬೇಕಂತಲೇ ಜೋರು ಸದ್ದಿಂದು ಆರಿಸಿ ತಂದಿದ್ದಾರೆ. ನೀವು ಹೂಂ ಅಂದ್ರೆ ಈಗಲೇ ವಾಪಸ್ ಒಯ್ತೀನಿ. ನಿಮ್ಮ ಮಗನಿಗೂ ನಾನೇ ಹೇಳ್ತೀನಿ.”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಕೂತ್ಕೋ. ಯಾಕಿಷ್ಟು ಹಾರಾಡ್ತೀಯಾ?”

ಅವನು ಕೂತ.

“ನಾನೂ ಮಗನೂ ಮಾತು ಬಿಟ್ಟು ವರ್ಷಗಳಾದವು. ಒಂದೇ ಮನೆ, ಒಂದೇ ಗೋಡೆ. ಇಬ್ಬರಿಗೂ ಕತ್ತೆ ಹಠ. ಈ ಕೋಣೆಗೆ ಅವನು ಕಾಲಿಡಲ್ಲ, ನಾನು ಕರೆಯಲ್ಲ. ಆಚೆ ಮೆಷಿನ್ ಸದ್ದು ಕೇಳಿದ್ರೆ ನನಗೆ ಜೀವ. ಅವನು ಇದ್ದಾನೆ, ಕೆಲಸ ಮಾಡ್ತಿದ್ದಾನೆ ಅಂತ. ಸದ್ದು ನಿಂತ ದಿನ ನನಗೆ ಅನ್ನ ಸೇರಲ್ಲ. ಅದು ಸೊಸೆಗೆ ಗೊತ್ತು.”

ಅಂಗಡಿಯವನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಪಾಪದ ಹೆಂಗಸಿನ ಮೇಲೆ ಏನೆಲ್ಲ ಹೊರಿಸಿಬಿಟ್ಟಿದ್ದ! ನಾಚಿಕೆ ಮುಚ್ಚಿಕೊಳ್ಳಲು ಏನಾದರೂ ಒಂದು ಉಪಕಾರ ಮಾಡಿಯೇ ಹೋಗಬೇಕಿತ್ತು.

“ತಪ್ಪಾಯ್ತು ಅಜ್ಜಿ. ಮೆಷಿನ್ ಇರಲಿ, ಸೋರೋದನ್ನ ಸರಿ ಮಾಡ್ತೀನಿ. ಸುಮ್ಮಸುಮ್ಮನೆ ಸ್ಟಾರ್ಟ್ ಆಗೋದು ನಿಲ್ಲುತ್ತೆ. ನಿಮ್ಮ ಮಗ ಗನ್ನು ಹಿಡಿದು ಕೂತಾಗಷ್ಟೇ ಓಡುತ್ತೆ,” ಎನ್ನುತ್ತ ಎದ್ದ.

ಅಜ್ಜಿಯ ಕೈ ಚಾಚಿ ಬಂದು ಅವನ ಮಣಿಕಟ್ಟು ಹಿಡಿಯಿತು. ಆ ಬಡಕಲು ಕೈಯಲ್ಲಿ ಅಷ್ಟು ಬಲವಿರಬಹುದೆಂದು ಅವನು ಎಣಿಸಿರಲಿಲ್ಲ. ಅಡುಗೆಮನೆಯಿಂದ ಹೆಜ್ಜೆ ಸಪ್ಪಳ ಹತ್ತಿರವಾಗುತ್ತಿತ್ತು.

“ಮುಟ್ಟಬೇಡಪ್ಪ,” ಎಂದು ಅಜ್ಜಿ ಪಿಸುಗುಟ್ಟಿದರು, “ನನಗೆ ತಿಳೀಬಾರದು ಅಂತಲೇ ಅವಳು ಇಷ್ಟು ದಿನ ಅಳದೆ ನಿಂತಿದ್ದಾಳೆ, ನನ್ನ ಮಗ ಸತ್ತಿದ್ದು ನನಗೆ ಆಗಲೇ ಗೊತ್ತು ಅಂತ ತಿಳಿದ್ರೆ ಅವಳು ಕುಸಿದುಬೀಳ್ತಾಳೆ.”