ಒಳಕೋಣೆಯ ಉತ್ತರ

"ಬಾಗಿಲು ಹಾಕಲೇಬೇಕೇನಮ್ಮ?" ಇಂದುಮತಿ ಒಳಕೋಣೆಯತ್ತ ನೋಡುತ್ತ ಕೇಳಿದಳು.

"ಪದ್ಧತಿ ಆಂಟಿ. ಗಂಡನ ಉತ್ತರ ಹೆಂಡತಿ ಕಿವಿಗೆ ಬೀಳಬಾರದು," ಎಂದು ನಕ್ಕಳು ಹಂಸಾ. ದಂಪತಿಗಳ ಆರೋಗ್ಯ, ಅನ್ಯೋನ್ಯತೆ, ದಿನಚರಿ, ಇವುಗಳ ಮೇಲೆ ಸಂಶೋಧನೆಯಂತೆ. ಬಂಗಾಳಿಗಳೇ ತುಂಬಿದ ಈ ಲೇಕ್ ಗಾರ್ಡನ್ಸ್ ಬಡಾವಣೆಯಲ್ಲಿ ಕನ್ನಡದ ಮನೆ ಸಿಕ್ಕಿತೆಂದು ವಿಶ್ವವಿದ್ಯಾಲಯದಿಂದ ಇಬ್ಬರು ಹಿಗ್ಗಿ ಬಂದಿದ್ದರು. ಜೊತೆಗಾರ ರಂಜಿತ್ ಆಗಲೇ ಇಂದುಮತಿಯ ಗಂಡ ಅರವಿಂದರನ್ನು ಒಳಕೋಣೆಗೆ ಕರೆದೊಯ್ದಿದ್ದ.

ಇಂದುಮತಿ ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ನೋಡಿದಳು. ಒಳಗೆ ಇವರು ಏನು ಒದರುತ್ತಾರೋ!

"ಅಂಕಲ್ ಕಂಡ್ರೆ ಭಯಾನಾ ಆಂಟಿ?" ಹಂಸಾ ದನಿ ತಗ್ಗಿಸಿದಳು. "ಕೈಗೀ ಮಾಡ್ತಾರಾ?"

"ಥೂ, ಬಿಡ್ತು ಅನ್ನು! ಇರುವೆ ಬಂದ್ರೂ ದಾರಿ ಬಿಡೋ ಪ್ರಾಣಿ ಅದು."

"ಮತ್ತೆ ದಿನವೆಲ್ಲ ಏನ್ಮಾಡ್ತಾರೆ?"

"ನನ್ನ ಬಾಲ ಹಿಡ್ಕೊಂಡಿರ್ತಾರೆ!"

ಇಂದುಮತಿ ನಕ್ಕಳು, ಆದರೆ ಭಯವಿದ್ದದ್ದು ಸುಳ್ಳಲ್ಲ. ಭಯ ಗಂಡನದಲ್ಲ, ಗಂಡನ ಮರೆವಿನದು. ರೈಲ್ವೆ ನೌಕರಿಯಿಂದ ನಿವೃತ್ತರಾದ ಮೇಲೆ ಶುರುವಾಯಿತು. ಬೆಳಿಗ್ಗೆ ಎದ್ದರೆ "ಇಂದೂ, ಇವತ್ತು ಯಾವ ವಾರ?" ಇವಳೇ ಕ್ಯಾಲೆಂಡರ್ ನೋಡಿ ಹೇಳಬೇಕು. ತರಕಾರಿಗೆ ಹೊರಟರೆ ಅವರಿಗೂ ಚಪ್ಪಲಿ; ಒಬ್ಬರೇ ಇದ್ದರೆ ದಿಕ್ಕು ತೋಚದಂತೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಉಪ್ಪು, ಸಕ್ಕರೆ ಎಂದು ದಪ್ಪಕ್ಷರದ ಚೀಟಿ ಅಂಟಿಸಿಕೊಂಡಿದ್ದಾರೆ. ಇವಳು ಯಾರಿಗೂ ಬಾಯಿಬಿಟ್ಟಿಲ್ಲ. ಕೆಳಮನೆಯ ಬೋಸ್ ಬಾಬುವಿಗೆ ಹೀಗೇ ಆಗಿ, ವಿಷಯ ಹೊರಬಿದ್ದು, ನೆಂಟರು ಯಾವುದೋ ಆಶ್ರಮಕ್ಕೆ ಸೇರಿಸಿದರು. ಹೆಂಡತಿ ನೋಡಲು ಹೋದರೆ, "ಯಾರಮ್ಮ ನೀವು?" ಅಂದರಂತೆ.

ಇವರನ್ನೂ ಹಾಗೆ ಎತ್ತಿಕೊಂಡು ಹೋದರೆ?

"ಟೀ ಕುಡೀತೀಯೇನಮ್ಮ?" ನೆಪ ಮಾಡಿ ಎದ್ದಳು.

"ಸಾಕು ಆಂಟಿ," ಎಂದಳು ಹಂಸಾ, ತಾನು ಆಗಲೇ ಕುಡಿದಿಟ್ಟ ಎರಡು ಟೀ ಲೋಟಗಳನ್ನು ಪಕ್ಕಕ್ಕೆ ಸರಿಸುತ್ತ.

ಆದರೂ ಅಡುಗೆಮನೆಗೆಂದು ಹೊರಟವಳು ತಡೆಯಲಾರದೆ ಒಳಕೋಣೆಯ ಬಾಗಿಲಿಗೆ ಕಿವಿಯಿಟ್ಟಳು. ಲೋಕಲ್ ರೈಲೊಂದು ಕಿಟಕಿ ಅದುರಿಸುತ್ತ ಹೋಯಿತು. ಸದ್ದು ಇಳಿದಾಗ ಗಂಡನ ದನಿ ಕೇಳಿಸಿತು. ತಗ್ಗಿದ ದನಿ, ಆದರೆ ಒಂದು ಚೂರೂ ತಡವರಿಕೆಯಿಲ್ಲ.

"ಅವಳಿಗೆ ಮಾತ್ರ ಹೇಳಬೇಡಪ್ಪ. ಮರೆವು ನನಗೇ ಅಂತ ನಂಬ್ಕೊಂಡಿದಾಳೆ, ಹಾಗೇ ಇರಲಿ."