ಎರಡು ಹನಿ ಮರ್ಯಾದೆ

"ಹನ್ನೊಂದು ವರ್ಷದಿಂದ ಬಾವಿಯಲ್ಲಿ ಒಂದು ಚೂರು ಕಲ್ಲು ಕಟ್ಟಿಲ್ಲ. ಕಟ್ಟದೇ ಇರೋ ಕಲ್ಲಿಗೆ ಔಷಧಿ ಯಾಕೆ, ಔಷಧಿಗೊಂದು ಲ್ಯಾಬ್ ಯಾಕೆ, ಲ್ಯಾಬಿಗೆ ನೀವು ಯಾಕೆ?" ಎಣ್ಣೆ ಬಾವಿಗಳ ಹೊಸ ಮ್ಯಾನೇಜರ್ ಒಂದೇ ಉಸಿರಿನಲ್ಲಿ ಕೇಳಿದರು. ಲ್ಯಾಬ್ ಮುಚ್ಚುವ ಆದೇಶ ಕೈಯಲ್ಲೇ ಇತ್ತು, ಸಹಿಯೊಂದು ಬಾಕಿ.

ಕೆಮಿಸ್ಟ್ ಮೇಡಂಗೆ ಮೈಯೆಲ್ಲ ಉರಿಯಿತು. ಕೆಲಸ ಸರಿಯಾಗಿ ಮಾಡಿದ್ದಕ್ಕೆ ಬೈಸಿಕೊಳ್ಳುವ ಕರ್ಮ ಇನ್ಯಾರಿಗಿದೆ ಹೇಳಿ! ಆದರೂ ಹಲ್ಲು ಕಚ್ಚಿಕೊಂಡು ವಿವರಿಸಿದರು. ನೆಲದಾಳದ ಎಣ್ಣೆಯನ್ನು ಹೊರಕ್ಕೆ ತಳ್ಳಲು ಸಮುದ್ರದ ನೀರನ್ನು ಒಳಗೆ ನುಗ್ಗಿಸುತ್ತಾರೆ. ಅಲ್ಲಿ ಮೊದಲೇ ಹಳೆಯ ನೀರಿದೆ. ಎರಡೂ ತಮ್ಮಷ್ಟಕ್ಕೆ ತಾವು ಸಾಧುಗಳೇ. ಒಂದಾದರೆ ಮಾತ್ರ ಬಿಳಿ ಕಲ್ಲು ಹುಟ್ಟಿ ಬಾವಿಯ ಗಂಟಲು ಕಟ್ಟುತ್ತದೆ. ಹಾಗಾಗದಿರಲೆಂದು ಸಮುದ್ರದ ನೀರಿಗೆ ಹಗಲೂ ರಾತ್ರಿ ಔಷಧಿ ಹನಿಸುತ್ತಿರಬೇಕು.

"ಬಾಯಿಮಾತು ಬೇಡ. ತೋರಿಸಿ."

ಮೇಡಂ ಇದಕ್ಕೇ ಕಾದಿದ್ದರು. ಮೇಜಿನ ಮೇಲೆ ಎರಡು ಲೋಟ ತಯಾರಾಗಿತ್ತು. "ಇದು ಸಮುದ್ರದ ನೀರು, ಇದು ಬಾವೀದು. ಎರಡಕ್ಕೂ ಔಷಧಿ ಹಾಕಿಲ್ಲ ಸಾರ್. ಸೇರಿಸಿದ ತಕ್ಷಣ ಹಾಲಿನ ಹಾಗೆ ಬೆಳ್ಳಗಾಗುತ್ತೆ, ನೋಡ್ತಾ ಇರಿ."

ಸುರಿದರು. ಆಗಲಿಲ್ಲ. ಗಾಜಿನ ಕಡ್ಡಿಯಿಂದ ಕಲಕಿದರು, ಕಿಟಕಿಯ ಬೆಳಕಿಗೆ ಹಿಡಿದರು, ಲೋಟಕ್ಕೆ ಎರಡು ಸಲ ತಟ್ಟಿಯೂ ನೋಡಿದರು. ನೀರು ತಿಳಿಯಾಗಿ ತೆಪ್ಪಗೆ ಕೂತಿತ್ತು. ಅದರ ಆಚೆಯಿಂದ ಮ್ಯಾನೇಜರರ ನಗು ಇದ್ದದ್ದಕ್ಕಿಂತ ಅಗಲವಾಗಿ ಕಾಣುತ್ತಿತ್ತು. ಅವರು ಪೆನ್ನು ತೆಗೆದರು.

ಮೇಡಂ ಬಾಗಿಲ ಕಡೆ ತಿರುಗಿದರು. ಅಲ್ಲಿ ನಿಂತಿದ್ದವರು ಲ್ಯಾಬಿನ ಅಟೆಂಡರ್. ಬಂಧು ಬಳಗ ಅಲ್ಲದಿದ್ದರೂ ಎಲ್ಲರಿಗೂ ದೊಡ್ಡಪ್ಪ. ಮುಖದ ತುಂಬ ಹೆಮ್ಮೆ.

"ದೊಡ್ಡಪ್ಪ, ಈ ನೀರಿಗೆ ಏನು ಮಾಡಿದ್ರಿ?"

ದೊಡ್ಡಪ್ಪ ಹತ್ತಿರ ಬಂದು ಗುಟ್ಟಾಗಿ ಹೇಳಿದರು. ಅವರ ಗುಟ್ಟು ಪಕ್ಕದ ಕೋಣೆಗೂ ಕೇಳುತ್ತದೆ. "ಬೆಳಿಗ್ಗೆ ನೀವು ಮಾಡಿ ನೋಡಿದಾಗ ಕೆಟ್ಟು ಬೆಳ್ಳಗಾಗಿ ಹೋಯ್ತಲ್ಲ ಮೇಡಮ್ಮ? ನೀರು ತಿಳಿಯಾಗಿದ್ರೆ ತಾನೇ ನೀವು ದಿನಾ ನಗೋದು? ಸಾಹೇಬ್ರ ಮುಂದೆ ಮರ್ಯಾದೆ ಹೋಗಬಾರದು ಅಂತ ನಿಮ್ಮ ಔಷಧೀನೇ ಎರಡು ಹನಿ ಬಿಟ್ಟಿಟ್ಟೆ."

ಪೆನ್ನು ನಿಂತಿತು. ಮೇಡಂಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ನೀರು ತುಂಬಿಟ್ಟಿದ್ದ ಕ್ಯಾನುಗಳಿಂದ ತಾವೇ ನೀರು ಹಿಡಿದು ತಂದು ಹೊಸ ಲೋಟಕ್ಕೆ ಸುರಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಬೆಳ್ಳಗೆ ಕದಡಿತು. ಆಚೆ ಇದ್ದ ಮ್ಯಾನೇಜರರ ಮೂಗೂ ಕಾಣದಾಯಿತು.

ಮ್ಯಾನೇಜರ್ ಎರಡೂ ಲೋಟಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಆದೇಶವನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದರು. "ಅಂದ್ರೆ, ಏನೂ ಆಗದ ಹಾಗೆ ನೋಡ್ಕೊಳ್ಳೋದೇ ನಿಮ್ಮ ಕೆಲಸ."

"ಹೌದು ಸಾರ್," ಎಂದರು ಮೇಡಂ. ಇಷ್ಟು ವರ್ಷದಲ್ಲಿ ಯಾರೂ ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ದೊಡ್ಡಪ್ಪನಿಗೂ ವಿಷಯ ಈಗ ಅರ್ಥವಾಗಿತ್ತು. ಮ್ಯಾನೇಜರರನ್ನು ಹೊಸ ಗೌರವದಿಂದ ನೋಡಿ ಕೇಳಿದರು: "ತಮ್ಮದೂ ಅದೇ ಕೆಲಸಾನಾ ಸಾರ್?"