ಸದ್ದು ತಡೆದ ಕ್ಷಣ

ಮ್ಯಾನ್ ದ್ವೀಪದ ರಸ್ತೆ ರೇಸಿನ ಅಭ್ಯಾಸ ಶುರುವಾಗಿ, ಬೈಕುಗಳು ಮನೆಯ ಗೋಡೆ ಸವರಿಕೊಂಡು ಹೋಗುತ್ತಿದ್ದವು. ಬ್ರೀಶಾ ಕಿಟಕಿಗೆ ಬೆನ್ನು ಹಾಕಿ, ಚಹಾದ ಕಪ್ ಹಿಡಿದು, ಮೈಯೆಲ್ಲ ಕಿವಿಯಾಗಿ ಕೂತಿದ್ದಳು.

"ಕ್ಲಚ್ ಇಲ್ದೆ, ಸದ್ದು ನಿಲ್ದೆ ಗೇರ್ ಬದಲಿಸೋ ಕ್ವಿಕ್‌ಶಿಫ್ಟರ್ ಆಫ್ ಮಾಡಿದೀನಿ ಕಣಮ್ಮ," ಎಂದಿದ್ದ ಮಗ ಈವನ್, ಹೊರಡುವಾಗ. "ಅಪ್ಪನ ಹಾಗೆ ಕ್ಲಚ್ ಹಿಡಿದೇ ಗೇರ್ ಹಾಕ್ತೀನಿ. ನಮ್ಮನೆ ಮುಂದೆ ಸದ್ದು ಒಂಚೂರು ತಡೆದ್ರೆ ನಾನೇ ಅಂತ ತಿಳ್ಕೋ."

"ಎಲ್ಲರಿಗಿಂತ ಹಿಂದೆ ಉಳೀತೀಯಲ್ಲೋ ಪೆದ್ದ!"

"ಇವತ್ತು ಬರೀ ಅಭ್ಯಾಸ. ನೀನು ಚಹಾನಾದ್ರೂ ಬಿಸಿಯಾಗಿ ಕುಡಿ."

ಹತ್ತಾರು ಬೈಕುಗಳು ಒಂದೇ ಉಸಿರಿನಲ್ಲಿ ಅರಚುತ್ತ ಹೋದವು. ಆಮೇಲೆ ಬಂದದ್ದರ ಸದ್ದು ಗೋಡೆಯ ಬಳಿ ಬಿಕ್ಕಿದಂತೆ ತಡೆದು, ಮತ್ತೆ ಏರಿತು.

"ಫಿನ್ಲೊ!" ಎಂದುಬಿಟ್ಟಳು ಬ್ರೀಶಾ.

ಅದು ಗಂಡನ ಹೆಸರು. ಹನ್ನೆರಡು ವರ್ಷದ ಹಿಂದೆ ಇಲ್ಲೇ, ಹೀಗೆಯೇ ಗೇರ್ ಹಾಕಿ ಹೋದವನು ಮುಂದಿನ ಸುತ್ತಿಗೆ ಬಂದಿರಲಿಲ್ಲ.

ಅವಳು ಕಪ್ಪನ್ನು ಬಾಯಿಗಿಡದೆ ಕೆಳಗಿಟ್ಟು ಗಡಿಯಾರ ನೋಡಿದಳು. ಮುಂದಿನ ಸುತ್ತಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.